ಎರಡು ಸೆರಗಿನ ಲೆಕ್ಕ

ಕಾಂತು ಊಟಕ್ಕೆ ಕೂತನೆಂದರೆ ಆ ಮನೆಯಲ್ಲಿ ಟಿವಿ ಹಚ್ಚುವ ಜರೂರಿಯೇ ಇರಲಿಲ್ಲ. ರೊಟ್ಟಿ ಬಂದರೆ ಹೀರೋ ಎಂಟ್ರಿ, ಪಲ್ಯ ಬಂದರೆ ಫೈಟು, ಮಜ್ಜಿಗೆ ಬಂದರೆ ಶುಭಂ. ಮುದ್ದೇಬಿಹಾಳದ ಆ ಓಣಿಯಲ್ಲಿ ಅವನನ್ನು ಡೈಲಾಗ್ ಕಾಂತು ಎಂದರೆ ಮಾತ್ರ ಗುರುತು ಹತ್ತುತ್ತಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಎರಡನೇ ವರ್ಷದ ಸಿವಿಲ್ ಓದುತ್ತಿದ್ದ. ಮೀಸೆ ಹೊಸದಾಗಿ ಮೂಡಿತ್ತು, ಅದನ್ನು ತಿರುವಿ ತಿರುವಿ ಇದ್ದಷ್ಟೂ ಉದುರುವ ಹಂತಕ್ಕೆ ಬಂದಿತ್ತು.

ಅವತ್ತು ರಾತ್ರಿಯ ಊಟದ ಹೊತ್ತಿಗೆ ಅವನ ಅಕ್ಕ ಕಾವೇರಿ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಸಿಂದಗಿಯ ಗಂಡನ ಮನೆಯಿಂದ ಚೊಚ್ಚಿಲ ಹೆರಿಗೆಗೆ ತವರಿಗೆ ಬಂದವಳು, ತಾಟನ್ನು ಹೊಟ್ಟೆಯ ಮೇಲೆಯೇ ಇಟ್ಟುಕೊಂಡು ಉಣ್ಣುವಷ್ಟು ತುಂಬಿಕೊಂಡಿದ್ದಳು. ಮೊಬೈಲನ್ನು ಆಯಿಯ ಮುಖಕ್ಕೆ ಹಿಡಿದಳು.

"ಆಯಿ, ತೊಟ್ಟಿಲ ಕೌದಿ ನನಗ ಇಂಥಾದ ಬೇಕು."

ಆಯಿ ಎಂದರೆ ಅಪ್ಪನ ತಾಯಿ ಕಸ್ತೂರೆವ್ವ. ಓಣಿಯ ಅರ್ಧ ಮಂದಿ ಅವಳು ಹೊಲಿದ ಕೌದಿ ಹೊದ್ದೇ ದೊಡ್ಡವರಾದವರು. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದೇನ ಬೇ, ಸುತ್ತೂಕಡೆ ಹಲ್ಲ ಮೂಡ್ಯಾವು?"

"ಹಲ್ಲಲ್ಲ ಆಯಿ, ತ್ರಿಕೋನ. ನಲವತ್ತ ಅದಾವು. ಎಲ್ಲಾನೂ ರೇಶಿಮಿ ಸೆರಗಿನಾಗ ಮಾಡ್ಯಾರ ನೋಡು. ಇಳಕಲ್ ಸೀರಿ ಕೆಂಪ ಸೆರಗು."

"ನಂದೊಂದ ಹಳೇ ಸೀರಿ ಐತಿ ಟ್ರಂಕಿನಾಗ. ಮೈ ಹರದ ಹೋಗೈತಿ, ಸೆರಗ ಗಟ್ಟಿ ಐತಿ. ಸಾಕಾಗತೈತೋ ಇಲ್ಲೋ ನನಗ ತಿಳಿಯಂಗಿಲ್ಲವ್ವ. ನಾ ಹಳೇ ಅರಬಿ ತುಂಡು ತೀರೂತನಕ ಹೊಲಿಯಾಕಿ. ಅರಬಿ ತೀರಿತು, ಕೌದಿ ಮುಗೀತು. ಇಂಥಾ ಹಲ್ಲಿನ ಕೌದಿ ಎಂದೂ ಹೊಲದಿಲ್ಲ."

ಇಲ್ಲಿ ಕಾಂತುವಿನ ಎಂಟ್ರಿ.

"ಸೈಡಿಗಿ ಸರೀರಿ ಎಲ್ಲಾರೂ! ಗಣಿತ ಬರಾಕತ್ತೈತಿ. ಲೆಕ್ಕ ಅಂದ್ರ ಕಾಂತು, ಕಾಂತು ಅಂದ್ರ ಲೆಕ್ಕ. ಉಳದದ್ದೆಲ್ಲಾ ಬರೇ ಟ್ರೇಲರ್!"

ಬಲಗೈಗೆ ಚಟ್ನಿಹಿಂಡಿ ಹತ್ತಿತ್ತು, ಎಡಗೈಯಿಂದ ಟೇಪು ತೆಗೆದ. ತೊಡೆಯ ಮೇಲೆ ಮೊಬೈಲಿನಲ್ಲಿ ಯಾರೋ ಕುಣಿಯುತ್ತಿದ್ದರು, ಒಂದು ಕಣ್ಣು ಅಲ್ಲಿತ್ತು. ಅವ್ವ ಟ್ರಂಕಿನಿಂದ ತಂದಿಟ್ಟ ಆಯಿಯ ಸೀರೆಯ ಸೆರಗು ಅಳೆದ: ಒಂದು ಕಡೆ ಮೂವತ್ತಾರು ಇಂಚು, ಇನ್ನೊಂದು ಕಡೆ ನಲವತ್ತೈದು.

"ಬರಕೊರಿ. ತ್ರಿಕೋನದ ಪಾದ ಎಂಟ ಇಂಚು..."

"ಯಾರ ಪಾದ?" ಎಂದಳು ಆಯಿ.

"ತ್ರಿಕೋನದ್ದು ಆಯಿ. ಕೆಳಗಿನ ಗೆರಿಗೆ ಪಾದ ಅಂತಾರ."

"ಪಾದ ಐತಂದ್ರ ಮುಟ್ಟಿ ಕೈ ಮುಗಿ, ಲೆಕ್ಕ ಬರೋಬ್ಬರಿ ಬರತೈತಿ."

ಅಪ್ಪ ಸಂಗಣ್ಣ ನಕ್ಕಾಗ ಮಜ್ಜಿಗೆ ಮೂಗಿಗೆ ಹತ್ತಿತು. ಕಾಂತು ಕೈ ಮುಗಿದಂತೆ ಮಾಡಿ ಮುಂದುವರಿಸಿದ. "ಎತ್ತರ ಎಂಟ. ಎಂಟೆಂಟ್ಲೆ ಅರವತ್ನಾಕು. ನಲವತ್ತ ತ್ರಿಕೋನಕ್ಕ ಎರಡ ಸಾವಿರದ ಐನೂರಾ ಅರವತ್ತು ಚದರ ಇಂಚು. ಆಯಿ ಸೆರಗು ಬರೇ ಸಾವಿರದ ಆರನೂರಾ ಇಪ್ಪತ್ತು. ಸಾಲಂಗಿಲ್ಲ! ಇನ್ನೊಂದು ಸೆರಗು ಬೇಕು. ಕೋರ್ಟು ತೀರ್ಪ ಕೊಟ್ಟೈತಿ, ಅಪೀಲ್ ಇಲ್ಲ!"

ಪಾದ ಗುಣಿಸು ಎತ್ತರ ಮಾಡಿದ. ಅದರಲ್ಲಿ ಅರ್ಧ ತೆಗೆಯಬೇಕು ಎನ್ನುವುದು ಮೊಬೈಲಿನ ಕುಣಿತದಲ್ಲಿ ಎಲ್ಲೋ ಜಾರಿ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ, ಅವನಿಗೂ.

ಅಂಥ ಹಳೇ ರೇಶಿಮೆಯ ಕೆಂಪು ಸೆರಗು ಆ ಮನೆಯಲ್ಲಿ ಇನ್ನೊಂದೇ ಇತ್ತು. ಅದು ಅವ್ವ ಮಾಲಾಳ ಟ್ರಂಕಿನ ತಳದಲ್ಲಿತ್ತು. ಅವ್ವನ ತಾಯಿ ಸಾತವ್ವನ ಸೀರೆ. ಸಾತವ್ವ ಇಂಡಿಯ ಕಡೆ ಮಂದಿಯ ತೋಟದಲ್ಲಿ ನಿಂಬೆಕಾಯಿ ಹರಿಯುತ್ತ ಹರಿಯುತ್ತ ಮುದುಕಿಯಾಗಿ ತೀರಿಕೊಂಡವಳು. ಅವಳ ಕಡೆಯಿಂದ ಅವ್ವನಿಗೆ ಉಳಿದದ್ದು ಆ ಒಂದು ಸೀರೆ. ಎಲ್ಲರೂ ಅವ್ವನ ಕಡೆ ನೋಡಿದರು.

"ಅದು ಬ್ಯಾಡ," ಎಂದಳು ಅವ್ವ. ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಆಯಿ ಸುಮ್ಮನಿರುವ ಪೈಕಿಯಲ್ಲ. "ಬ್ಯಾಡಂದ್ರ? ನಂದು ಕತ್ತರಸೂದು ನಡೀತೈತಿ, ನಿಮ್ಮವ್ವಂದ ನಡಿಯಂಗಿಲ್ಲೇನು?"

ಒಳಗಿನಿಂದಲೇ ಉತ್ತರ ಬಂತು. "ನೀವ ಜೀವಂತ ಅದೀರಿ ಅತ್ತಿ. ನಮ್ಮವ್ವಂದು ಅದೊಂದ ಉಳದೈತಿ."

"ನೋಡಪಾ ಸಂಗಣ್ಣ, ನಾ ಬದಕಿದ್ದದ್ದೂ ಈಕಿಗೆ ತಪ್ಪಾಗೈತಿ!"

"ಯವ್ವಾ, ಆಕಿ ಹಂಗ ಎಲ್ಲಿ ಅಂದ್ಳು?"

"ನೀ ಸುಮ್ನ ಕುಂದರು. ಹೇಣ್ತಿ ಮಾತಿಗೆ ಅರ್ಥಾ ಹೇಳಾಕ ಬರಬ್ಯಾಡ."

ಅತ್ತೆ ಸೊಸೆಯ ನಡುವೆ ಸಾತವ್ವ ಹೊಸ ವಿಷಯವೇನಲ್ಲ. ಮದುವೆಯಲ್ಲೇ ಆಯಿ "ನಿಂಬಿಕಾಯಿ ಹರಿಯೋರ ಮನಿ ಬೀಗತನ" ಎಂದು ಚಪ್ಪರದಲ್ಲಿ ಅಂದಿದ್ದಳಂತೆ. ಕಾಂತು ಹುಟ್ಟುವ ಮೊದಲಿನ ಮಾತು, ಆದರೆ ಉಪ್ಪಿನಕಾಯಿಯ ಹಾಗೆ ವರ್ಷ ಹೋದಷ್ಟೂ ಮಾಗಿತ್ತು. ಈಗ ಮತ್ತೆ ಭರಣಿಯ ಬಾಯಿ ತೆಗೆದಂತಾಯಿತು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು. ಆಯಿ ಚಹಾಕ್ಕೆ ಸಕ್ಕರೆ ಕಡಿಮೆ ಎಂದಳು. ಅವ್ವ ಸಕ್ಕರೆ ಡಬ್ಬಿಯನ್ನೇ ತಂದು ಆಯಿಯ ಮುಂದೆ ಕುಕ್ಕಿದಳು.

ಕಾವೇರಿಯೇ ಸೋತಳು. "ಬ್ಯಾಡ ಬಿಡವ್ವ, ಬಜಾರದಾಗಿಂದು ಒಂದ ತಂದ್ರಾತು," ಎಂದಳು. ಕಾಲು ಬಾತಿದ್ದವು, ಅವ್ವ ಬಿಸಿನೀರಲ್ಲಿ ಅವನ್ನು ಇಳಿಬಿಡಿಸಿ ತಿಕ್ಕುತ್ತಿದ್ದಳು. ಮಗಳು ಅತ್ತ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡದ್ದು ಅವಳಿಗೆ ಕಂಡಿತು. ಮರುದಿನ ರೊಟ್ಟಿ ಮಾಡುತ್ತ ಹಂಚಿನ ಕಡೆ ನೋಡಿಯೇ ಹೇಳಿದಳು.

"ನಮ್ಮವ್ವ ಇದ್ದಿದ್ರ ತಾನ ಹರದ ಕೊಡತಿದ್ಳು. ತಗೋರಿ."

*

ಕೌದಿಗೆ ಬಟ್ಟೆ ಕತ್ತರಿಸುವ ದಿನ ಕಾಂತು ಬಸ್‌ಸ್ಟ್ಯಾಂಡಿನ ಹತ್ತಿರ ತಬ್ರೇಜನ ಅಂಗಡಿಯಲ್ಲಿದ್ದ. ತಬ್ರೇಜ ಅವನ ಗೆಳೆಯ, ಮೊಬೈಲ್ ರಿಪೇರಿ ಅಂಗಡಿ ಇಡುತ್ತಿದ್ದ. ಸಂಜೆ ಉದ್ಘಾಟನೆ. ಮೇಲೆ ಕಟ್ಟಲು ಬಣ್ಣದ ಕಾಗದದ ಪರಪರಿ ಮಾಡುತ್ತಿದ್ದರು. ಕಾಂತು ದಾರಕ್ಕೆ ಅಂಟು ಸವರುವುದು, ತಬ್ರೇಜ ಕಾಗದ ಕತ್ತರಿಸುವುದು.

"ಮಗನ, ನಿನ್ನ ಅಂಗಡಿ ಓಪನಿಂಗಿಗೆ ಇಡೀ ಮುದ್ದೇಬಿಹಾಳ ಅಲುಗಾಡಬೇಕು," ಎಂದ ಕಾಂತು.

"ಮೊದಲ ಕೈ ಅಲುಗಾಡಸೋ. ಡೈಲಾಗಿಗೆ ಅಂಟ ಹತ್ತಂಗಿಲ್ಲ."

ತಬ್ರೇಜ ಚೌಕನೆಯ ಒಂದು ಹಾಳೆ ಹಿಡಿದ. ಮೂಲೆಯಿಂದ ಮೂಲೆಗೆ ಕತ್ತರಿ ಓಡಿಸಿದ. ಎರಡು ತ್ರಿಕೋನ ಕೆಳಗೆ ಬಿದ್ದವು.

"ನೋಡಲೇ, ಒಂದರಾಗ ಎರಡು. ಒಂದ ಕೊಂಡ್ರ ಒಂದ ಫ್ರೀ."

ಕಾಂತುವಿನ ಬೆರಳು ದಾರದ ಮೇಲೆಯೇ ನಿಂತಿತು. ಬಿದ್ದ ಎರಡನ್ನೂ ಎತ್ತಿದ. ಜೋಡಿಸಿದ. ಚೌಕ. ಬಿಡಿಸಿದ. ಎರಡು. ಚೌಕದ ಒಳಗೆ ಎಂಟೆಂಟ್ಲೆ ಅರವತ್ನಾಕು, ಹಾಗಾದರೆ ಒಂದೊಂದು ತ್ರಿಕೋನಕ್ಕೆ...

"ತಬ್ರೇಜ, ನಾ ಹೊಂಟೆ."

"ಎಲ್ಲಿಗೋ? ಇನ್ನಾ ಅರ್ಧ ಪರಪರಿ ಉಳದೈತಿ!"

ಅಂಟಿನ ಕೈಯಲ್ಲೇ ಓಡಿದ. ಆಯಿಯ ಒಂದು ಸೆರಗೇ ಸಾಕು. ಸಾಕಾಗಿ ಮೇಲೆ ಉಳಿಯುತ್ತದೆ. ದಾರಿಯಲ್ಲಿ ಪಾಟೀಲರ ನಾಯಿ ಹಿಂದೆ ಹತ್ತಿತು, ಅದನ್ನೂ ಹಿಂದೆ ಹಾಕಿದ.

ಮನೆಯಲ್ಲಿ ಮಂದಿ ಇದ್ದರು. ಕಾವೇರಿಯ ಅತ್ತೆ ರೇಣವ್ವ ಸಿಂದಗಿಯಿಂದ ಸೊಸೆಯನ್ನು ನೋಡಲು ಬಂದಿದ್ದಳು, ಬುಟ್ಟಿ ತುಂಬ ಶೇಂಗಾ ಹೋಳಿಗೆ ತಂದಿದ್ದಳು. ಆಲಮಟ್ಟಿಯ ಕಾಲುವೆ ಕಚೇರಿಗೆ ಹೋಗಬೇಕಾಗಿದ್ದ ಅಪ್ಪ ಬೀಗತಿ ಬಂದಳೆಂದು ರಜೆ ಹಾಕಿದ್ದ. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಅವ್ವ ಎರಡು ಸೀರೆಯ ಸೆರಗನ್ನೂ ಒಂದರ ಮೇಲೊಂದು ಹರವಿದ್ದಳು. ಎರಡೂ ಒಮ್ಮೆಲೇ ಕತ್ತರಿಸಿದರೆ ಎಲ್ಲ ತ್ರಿಕೋನವೂ ಒಂದೇ ಅಳತೆಗೆ ಬರುತ್ತವೆ ಎಂದು ಆಯಿ ಹೇಳಿಕೊಟ್ಟಿದ್ದಳು. ಸಾಬೂನಿನ ಚೂರಿನಿಂದ ಗೆರೆ ಎಳೆದಾಗಿತ್ತು. ಕತ್ತರಿ ಅವ್ವನ ಕೈಯಲ್ಲಿತ್ತು, ಬಾಯಿ ತೆರೆದುಕೊಂಡಿತ್ತು, ಇನ್ನೂ ಕಚ್ಚಿರಲಿಲ್ಲ.

"ಬಂದ ನೋಡ್ರಿ ನಮ್ಮ ಇಂಜಿನಿಯರ!" ಎಂದ ಅಪ್ಪ. "ಇದು ಕಣ್ಣಂದಾಜಿನ ಕೆಲಸ ಅಲ್ಲರೀ ಬೀಗತಿ. ಚದರ ಇಂಚಿನ ಲೆಕ್ಕಾ ತಗದಾನ ನನ್ನ ಮಗ. ನಾಳೆ ಡ್ಯಾಮ್ ಕಟ್ಟಾಂವ."

ರೇಣವ್ವ ಕಣ್ಣರಳಿಸಿದಳು. "ಭಾಳ ಹುಷಾರ ಬಿಡ ತಮ್ಮಾ. ನಮ್ಮ ಮುತ್ತುರಾಜಗ ಸಂತಿ ಲೆಕ್ಕಾನೂ ಬರಂಗಿಲ್ಲ. ನಿಮ್ಮ ಅಳಿಯಾನ ಹಣೇಬರಾ ಅಷ್ಟ."

ಅಪ್ಪನ ಎದೆ ಇಷ್ಟಗಲ ಆಯಿತು. ಕಾವೇರಿಯೂ ತಮ್ಮನ ಕಡೆ ನೋಡಿ ಹುಬ್ಬು ಹಾರಿಸಿದಳು.

ಅವ್ವ ಮಾತ್ರ ನಗುತ್ತಿರಲಿಲ್ಲ. ಸೆರಗಿನ ಅಂಚನ್ನು ಮೂಗಿಗೆ ಹಿಡಿದು ಒಮ್ಮೆ ಉಸಿರು ಎಳೆದುಕೊಂಡಳು. ಆಮೇಲೆ ಕಾಂತುವಿನ ಮುಖ ನೋಡಿದಳು.

"ಕಾಂತು, ಮತ್ತೊಮ್ಮಿ ನೋಡಿ ಹೇಳಪಾ. ಲೆಕ್ಕ ಬರೋಬ್ಬರಿ ಐತಲ್ಲಾ?"

ಒಂದು ಮಾತು ಸಾಕಿತ್ತು. 'ನಿಂದರವ್ವ' ಎಂದರೆ ಸಾಕಿತ್ತು. ಬೀಗತಿ ನೋಡುತ್ತಿದ್ದಳು. ಅಪ್ಪ ನೋಡುತ್ತಿದ್ದ, ಆ ಅಗಲವಾದ ಎದೆಯನ್ನು ಹಾಗೇ ಹಿಡಿದುಕೊಂಡು. ಸಿವಿಲ್ ಓದುವ ಮಗನಿಗೆ ತ್ರಿಕೋನದ ಕ್ಷೇತ್ರಫಲ ಬರುವುದಿಲ್ಲ ಎನ್ನುವ ಸುದ್ದಿ ಸಂಜೆಯೊಳಗೆ ಸಿಂದಗಿ ಮುಟ್ಟುತ್ತಿತ್ತು.

"ಬರೋಬ್ಬರಿ ಐತವ್ವ," ಎಂದ ಕಾಂತು.

ಕತ್ತರಿ ಕರಕ್ ಎಂದಿತು.

*

ಆಯಿ ಬೆಳಿಗ್ಗೆ ಬಿಸಿಲಿಗೆ ಕೂತಳೆಂದರೆ ನೆರಳು ಬರುವ ತನಕ ಹೊಲಿಯುತ್ತಿದ್ದಳು. ಅವ್ವ ಸೂಜಿ ಪೋಣಿಸಿ ಪೋಣಿಸಿ ಕೊಡುತ್ತಿದ್ದಳು. ಸೀರೆ ಕತ್ತರಿಸಿದ ಮೇಲೆ ಮನೆ ತಣ್ಣಗಾದಂತೆ ಕಂಡಿತು. ನಡುವೆ ಕಾವೇರಿಗೆ ಬ್ಯಾನಿ ಎದ್ದವು, ದವಾಖಾನೆಗೆ ಓಡಿದರು, ಹೆಣ್ಣುಕೂಸು ಹುಟ್ಟಿತು. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಯಿತು. ಅಳವಿ ಪಾಯಸ, ಕೊಬ್ಬರಿ ಖಾರ, ಬಾಣಂತಿಯ ಬಿಸಿನೀರು ಎಂದು ಅವ್ವನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ.

ಕೌದಿಯ ಸುತ್ತ ನಲವತ್ತು ತ್ರಿಕೋನ ಮುಗಿದ ದಿನ ಆಯಿ ಮಡಿಲಲ್ಲಿದ್ದ ತುಂಡುಗಳ ಗಂಟನ್ನು ನೋಡಿದಳು. ಹೊಲಿದಷ್ಟೇ ಇನ್ನೂ ಉಳಿದಿದ್ದವು. ಸೆರಗು ಸೆರಗಿನ ಮೇಲಿಟ್ಟು ಕತ್ತರಿಸಿದ್ದರಿಂದ ಇಬ್ಬರ ರೇಶಿಮೆಯೂ ಕೌದಿಯಲ್ಲೂ ಬೆರೆತಿತ್ತು, ಉಳಿದದ್ದರಲ್ಲೂ ಬೆರೆತಿತ್ತು. ಸಾತವ್ವನದು ಒಂದಿಷ್ಟು ಮಾಸಿದ ಕೆಂಪು, ನೋಡಿದರೆ ಗೊತ್ತಾಗುತ್ತಿತ್ತು.

"ಮಾಲಾ, ಇದೇನಿದು? ನಾ ಎಲ್ಲೆರೆ ಸಾಲ ಬಿಟ್ಟೇನೇನು? ನನ್ನ ಕಣ್ಣ ಹೋದ್ವು ಕಾಣತೈತಿ."

ಅವ್ವ ಕೈ ಒರೆಸಿಕೊಂಡು ಬಂದಳು. ಗಂಟು ಬಿಚ್ಚಿದಳು. ಒಂದೊಂದನ್ನೇ ನೆಲದ ಮೇಲೆ ಇಡುತ್ತ ಹೋದಳು. ಮುಖ ಬದಲಾಗುತ್ತ ಹೋಯಿತು.

"ಕಣ್ಣ ಹೋಗಿಲ್ಲ ಅತ್ತಿ. ಕಣ್ಣ ಛಲೋ ಅದಾವು. ನಿಮ್ಮ ಒಂದ ಸೆರಗ ಸಾಕಿತ್ತು. ನಿಮಗ ಗೊತ್ತಿತ್ತು."

"ಏನ ಗೊತ್ತಿತ್ತು?"

"ಎಷ್ಟ ಕೌದಿ ಹೊಲದೀರಿ ಇಷ್ಟ ವರ್ಷ? ಎಷ್ಟ ಅರಬಿ ಹಿಡೀತೈತಂತ ನಿಮಗ ತಿಳಿಯಂಗಿಲ್ಲಾ? ನಮ್ಮವ್ವನ ಸೀರಿ ನಿಮ್ಮ ಕಣ್ಣಾಗ ಚುಚ್ಚತಿತ್ತು. ಅದನ್ನ ಹರಿಸಿದ್ರಿ, ಈಗ ಸಮಾಧಾನ ಆತಿಲ್ಲೋ?"

"ಬಾಯಿ ಐತಂತ ಏನರೆ ಅನ್ನಬ್ಯಾಡ ಮಾಲಾ! ಮೊಮ್ಮಗಳ ಕೂಸಿನ ಕೌದ್ಯಾಗ ನಾ ಕಪಟ ಹೊಲೀತೇನೇನು?"

"ಹೊಲದೀರಲ್ರಿ. ಇಲ್ಲಿ ಬಿದ್ದೈತಿ ನೋಡ್ರಿ, ಅರ್ಧಕ್ಕರ್ಧ."

ಕಾಂತು ಬಚ್ಚಲಿಗೆ ನೀರು ತುಂಬುತ್ತಿದ್ದ. ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು, ನಲ್ಲಿ ಬಂದ್ ಮಾಡಲು ಕೈ ಬರಲಿಲ್ಲ. ಎದ್ದು ಹೋಗಿ ಹೇಳಬೇಕು. ಈಗ ಹೋಗಬೇಕು. ಅಷ್ಟರಲ್ಲಿ ಕೂಸು ಎದ್ದು ಚೀರತೊಡಗಿತು, ಆಯಿಯೂ ಅಳತೊಡಗಿದಳು, ಹೋಗುವುದು ನಾಳೆಗೆ ಮುಂದೆ ಬಿತ್ತು.

ಮರುದಿನ ಆಯಿ ಕೈಚೀಲ ಹಿಡಿದು ಬಸವನ ಬಾಗೇವಾಡಿಗೆ, ಮಗಳು ಸಾವಂತ್ರವ್ವನ ಮನೆಗೆ ಹೊರಟಳು. "ಕಣ್ಣ ತೋರಸಕೊಂಡ ಬರತೇನಿ," ಎಂದಳು. ಯಾವಾಗ ಬರುತ್ತೇನೆ ಎನ್ನಲಿಲ್ಲ. ತೊಟ್ಟಿಲ ದಿನದ ಮಾತು ಅಪ್ಪ ತೆಗೆದರೆ, "ನಾ ಯಾಕ ಬೇಕೋ ಅದಕ್ಕ? ಕಪಟಿ ಮುದುಕಿ," ಎಂದು ಬಸ್ಸು ಹತ್ತಿದಳಂತೆ.

ಕೌದಿಯ ನಾಲ್ಕನೇ ಮೂಲೆ ತೆರೆದೇ ಉಳಿಯಿತು, ಸೂಜಿ ಅಲ್ಲೇ ಚುಚ್ಚಿತ್ತು. ಆ ಮನೆಯಲ್ಲಿ ಒಂದು ಪದ್ಧತಿ. ಕಡೆಯ ಮೂಲೆ ಮುಚ್ಚುವ ಮೊದಲು ಮನೆಯ ಹಿರಿಯಳು ಒಂದು ರೊಟ್ಟಿಚೂರು ಒಳಗಿಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿಯನ್ನು ಕೂಸಿಗೆ ಹೊದಿಸುವುದಿಲ್ಲ.

"ಆಯಿ ಬರಲಿಲ್ಲಂದ್ರ ನಾ ಕೂಸಿನ್ನ ತೊಟ್ಟಿಲಿಗೆ ಹಾಕಂಗಿಲ್ಲ," ಎಂದು ಕಾವೇರಿ ಹಟ ಹಿಡಿದಳು.

"ಕರಿಯಾಕ ನಾ ಹೋಗಂಗಿಲ್ಲ," ಎಂದಳು ಅವ್ವ.

*

ಆಮೇಲೆ ಕಾಂತು ಎಷ್ಟು ಶಾಣ್ಯಾ ಆದನೆಂದರೆ ಓಣಿಗೆ ಗುಮಾನಿ ಬಂತು. ಕೂಸಿನ ಬಟ್ಟೆ ಒಗೆದ. ಗ್ಯಾಸಿನ ಸಿಲಿಂಡರ್ ಹೊತ್ತು ತಂದ. ಹಿಟ್ಟಿನ ಗಿರಣಿಗೆ ಹೋಗಿ ಸರದಿ ನಿಂತ. ಒಂದು ದಿನ ರೊಟ್ಟಿಯನ್ನೂ ಬಡಿದ, ಅದು ಯಾವ ಆಕಾರಕ್ಕೂ ಬರಲಿಲ್ಲ. ಡೈಲಾಗ್ ಇಲ್ಲದೆ ಉಂಡೆದ್ದ.

"ಹೆಣ್ಮಗಳಂಗ ಕೆಲಸ ಮಾಡಾಕತ್ತಾನ ನನ್ನ ಮಗ," ಎಂದು ಅವ್ವ ಪಕ್ಕದ ಮನೆಯವರ ಮುಂದೆ ಹೇಳಿದಳು. "ಈ ಮನ್ಯಾಗ ನನ್ನ ಸಂಕಟ ತಿಳದಾಂವ ಅವನೊಬ್ಬ."

ಅದನ್ನು ಕೇಳಿಸಿಕೊಂಡ ದಿನ ಅವನಿಗೆ ಇರಲಾಗಲಿಲ್ಲ. ಅವ್ವ ಬಡಿಸುತ್ತಿದ್ದಳು, ಅವನು ತಾಟು ಸರಿಸಿದ.

"ಅವ್ವಾ, ಆಯಿದು ತಪ್ಪಿಲ್ಲ. ತಪ್ಪು ನಂದು. ನಾನ ಲೆಕ್ಕ ತಪ್ಪ ಮಾಡೇನಿ."

ಅವ್ವ ಅವನನ್ನೇ ನೋಡಿದಳು. "ಯಾವ ಪಿಚ್ಚರದಾಗಿಂದಿದು?"

"ಪಿಚ್ಚರ ಅಲ್ಲವ್ವ, ಖರೇನ."

"ಹೋದ ತಿಂಗಳ ಗ್ಯಾಸಿನ ಆಫೀಸಿನಿಂದ ಫೋನ್ ಮಾಡೇನಂತ ದನಿ ಬದಲಿಸಿ ನನ್ನ ಆಧಾರ ನಂಬರ ಕೇಳಿದ್ದಿ. ಅದೂ ಖರೇನ ಇತ್ತಲ್ಲಾ?"

ಕಾವೇರಿ ಒಳಗಿನಿಂದ ನಕ್ಕಳು. ಅವ್ವನ ದನಿ ಮಾತ್ರ ಮೆತ್ತಗಾಯಿತು.

"ನನಗ ತಿಳೀತೈತೋ. ಆಯಿ ಅವ್ವ ಒಂದಾಗಲಿ ಅಂತ ನಿನ್ನ ಮ್ಯಾಲ ಹಾಕೋಳಾಕತ್ತಿ. ಇಷ್ಟ ದೊಡ್ಡಾಂವ ಯಾವಾಗ ಆದ್ಯೋ?"

ಎಂದು ಅವನ ರೊಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಕಾಂತು ತುಪ್ಪ ಹತ್ತಿದ ಭಾಗವನ್ನು ಬದಿಗೆ ಸರಿಸಿ ಒಣ ರೊಟ್ಟಿಯನ್ನಷ್ಟೇ ತಿಂದು ಎದ್ದ.

ಆಯಿಗೆ ಫೋನು ಮಾಡಿ ಹೇಳಿದ. ಅಲ್ಲೂ ಅದೇ. "ನಿಮ್ಮವ್ವ ಹೇಳಿಕೊಟ್ಟಾಳೇನ ಹಿಂಗ ಅನ್ನಂತ? ಬ್ಯಾಡಪಾ. ಡಿಸ್ಟಿಂಕ್ಷನ್ ಬಂದ ಹುಡುಗ ನೀ, ನಿನ್ನ ಲೆಕ್ಕ ತಪ್ಪತೈತೇನು? ನನ್ನ ಕಣ್ಣಾಗ ಪೊರಿ ಬಂದೈತಂತ ಸಾವಂತ್ರಿ ಅನ್ನಾಕತ್ತಾಳ. ಅದಕ್ಕ ಸಾಲ ತಪ್ಪೈತಿ. ದವಾಖಾನಿಗೆ ಚೀಟಿ ಮಾಡ್ಸ್ಯಾಳ, ಮಂಗಳವಾರ ಕೊಯ್ಯತಾರೋ ಏನೋ."

"ಆಯಿ, ಕಣ್ಣ ಕೊಯ್ಸಬ್ಯಾಡ!"

"ಅಂಜಬ್ಯಾಡೋ. ನನ್ನ ಕಣ್ಣು, ನೀ ಯಾಕ ಅಳಾಕತ್ತಿ?"

ತಪ್ಪು ಮಾಡಿದವನಿಗೆ ಬೈಗುಳ ಸಿಗದಿದ್ದರೆ ಏನಾಗುತ್ತದೆ ಎಂದು ಕಾಂತುವಿಗೆ ಅವತ್ತು ತಿಳಿಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಸಿಟ್ಟಾಗಿದ್ದರು. ಇಬ್ಬರೂ ಅವನ ಮೇಲೆ ಪ್ರೀತಿ ಸುರಿಯುತ್ತಿದ್ದರು.

*

ಭಾನುವಾರ ಅವ್ವ ಒಲೆಯ ಮುಂದೆ ಕೂತಿದ್ದಳು. ಅಪ್ಪ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದ. ಕಾಂತು ಉಳಿದ ತ್ರಿಕೋನಗಳ ಗಂಟು ತಂದು ಅವ್ವನ ಎದುರಿಗೆ ಬಿಚ್ಚಿದ. ಟೇಪನ್ನೂ ಇಟ್ಟ.

"ಮತ್ತ ಯಾಕ ತಗದೀ ಅದನ್ನ?" ಅವ್ವ ಮುಖ ತಿರುಗಿಸಿದಳು.

"ಒಂದ ಮಿನಿಟ ನೋಡವ್ವ. ಡೈಲಾಗ್ ಹೊಡಿಯಂಗಿಲ್ಲ."

ಎರಡು ತ್ರಿಕೋನ ಆರಿಸಿ ಉದ್ದನೆಯ ಗೆರೆಗೆ ಉದ್ದನೆಯ ಗೆರೆ ಕೂ‍ಡಿಸಿದ. ಚೌಕ ಆಯಿತು. ಟೇಪು ಹಿಡಿದ.

"ಈ ಕಡೆ ಎಂಟ ಇಂಚು. ಆ ಕಡೆ ಎಂಟ ಇಂಚು. ಎಂಟೆಂಟ್ಲೆ ಅರವತ್ನಾಕು. ಬರೋಬ್ಬರಿ?"

"ಹೂಂ."

"ಇದರಾಗ ತ್ರಿಕೋನ ಎಷ್ಟ ಅದಾವು?"

"ಎರಡು."

"ನಾ ಒಂದ ತ್ರಿಕೋನಕ್ಕ ಅರವತ್ನಾಕು ಹಿಡದೆ. ಮೂವತ್ತೆರಡ ಹಿಡೀಬೇಕಾಗಿತ್ತು. ಅದಕ್ಕ ಎರಡ ಸೆರಗಿನ ಲೆಕ್ಕ ಬಂತು. ಆಯಿ ಏನೂ ಮಾಡಿಲ್ಲ. ಆಕಿಗೆ ಏನೂ ಗೊತ್ತಿಲ್ಲ."

ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಅವ್ವ ಚೌಕವನ್ನು ಬೆರಳಿನಿಂದ ಬಿಡಿಸಿದಳು, ಮತ್ತೆ ಕೂಡಿಸಿದಳು. ಮಾಸಿದ ಕೆಂಪಿನದೊಂದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಅವಳು ಬೈಯುತ್ತಾಳೆ, ಕಸಬರಿಗೆ ತೆಗೆದುಕೊಂಡು ಬಡಿಯುತ್ತಾಳೆ ಎಂದು ಕಾಂತು ಬೆನ್ನು ಗಟ್ಟಿ ಮಾಡಿಕೊಂಡು ಕೂತ. ಹಾಗಾದರೆ ಒಳ್ಳೆಯದಿತ್ತು.

"ಕತ್ತರಿ ಹಚ್ಚೂ ಮುಂದ ನಾ ನಿನ್ನ ಕೇಳಿದೆ," ಎಂದಳು.

"ಹೌದವ್ವ."

"ಆವಾಗ ಗೊತ್ತಿತ್ತೇನು?"

ಇಲ್ಲ ಎನ್ನಬಹುದಿತ್ತು. ತಪ್ಪು ಲೆಕ್ಕವನ್ನು ಯಾವ ತಾಯಿಯಾದರೂ ಮಾಫ್ ಮಾಡುತ್ತಾಳೆ. ಅಪ್ಪ ಕೂಡ ಎಣ್ಣೆ ತಿಕ್ಕುವುದು ಬಿಟ್ಟು ಮಗನ ಬಾಯಿ ನೋಡುತ್ತಿದ್ದ, 'ಇಲ್ಲ ಅನ್ನು' ಎನ್ನುವ ಹಾಗೆ.

"ಗೊತ್ತಿತ್ತು," ಎಂದ ಕಾಂತು. "ತಬ್ರೇಜನ ಅಂಗಡ್ಯಾಗ ಗೊತ್ತಾತು. ಹೇಳಾಕಂತನ ಓಡಿ ಬಂದೆ. ಬೀಗತಿ ಕುಂತಿದ್ಳು. ಅಪ್ಪ ಡ್ಯಾಮ್ ಕಟ್ಟತಾನ ಅಂತ ಹೇಳಾಕತ್ತಿದ್ದ. ನಾಚಿಕಿ ಬಂತು."

ಅವ್ವ ಹೊತ್ತಿದ ರೊಟ್ಟಿ ತೆಗೆದು ಬದಿಗಿಟ್ಟಳು. ಒಲೆ ಆರಿಸಿದಳು.

"ಆಯಿಗೆ ಫೋನ್ ಹಚ್ಚು. ಈಗ ಹೇಳಿದ್ದೆಲ್ಲಾ ಹೇಳು. ಒಂದ ಅಕ್ಷರ ಬಿಡಬ್ಯಾಡ."

ಸ್ಪೀಕರ್ ಹಾಕಿ ಹೇಳಿದ. ಎಂಟೆಂಟ್ಲೆ, ಅರ್ಧ, ಪರಪರಿ, ಬೀಗತಿ, ಎಲ್ಲ. ಫೋನು ಕಟ್ಟಾಯಿತೋ ಏನೋ ಎಂದು ಪರದೆ ನೋಡಿದ.

"ಅಂದ್ರ ನನ್ನ ಕಣ್ಣ ಛಲೋ ಅದಾವೇನೋ?" ಎಂದಳು ಆಯಿ.

"ಛಲೋ ಅದಾವ ಆಯಿ."

"ಭಾಡ್ಯಾ! ಇಲ್ಲಿ ಪಥ್ಯ ಅಂತ ಸಾವಂತ್ರಿ ನನಗ ಬರೇ ಗಂಜಿ ಹಾಕಾಕತ್ತಾಳ! ಮಾಲಾಗ ಕೊಡು ಫೋನು."

ಅವ್ವ ಫೋನು ತೆಗೆದುಕೊಂಡಳು, ಸ್ಪೀಕರ್ ಆರಿಸುವುದು ಗೊತ್ತಾಗಲಿಲ್ಲ. "ಅತ್ತಿ, ನಾ ಬಾಯಿಗೆ ಬಂದಂಗ ಅಂದೆ," ಎಂದಳು.

"ನಾ ನಿಮ್ಮವ್ವನ್ನ ಚಪ್ಪರದಾಗ ಅಂದದ್ದಕ್ಕ ಇದು ಸಮ ಆತು ಅಂತ ತಿಳಕೊ. ಉಂಡೀಯೇನು?"

"ಇನ್ನಾ ಇಲ್ರಿ."

"ನಾ ತಾನಾಗೇ ಬಂದ್ರ ಮಂದಿ ನಗತೈತಿ. ಕರಿಯಾಕ ಬಾ."

*

ಅವ್ವ ಸೀರೆ ಬದಲಿಸಿ, ಚೀಲದಲ್ಲಿ ಆಯಿಗೆಂದು ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡಳು. ಕೂಸು ಬಾಣಂತಿಯನ್ನು ಅಪ್ಪನಿಗೆ ಒಪ್ಪಿಸಿದಳು. ಕಾಂತುವಿಗೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವನು ಚಪ್ಪಲಿ ಮೆಟ್ಟಿ ಹಿಂದೆ ನಡೆದ. ಚೀಲ ಹಿಡಿಯಲು ಕೈ ಚಾಚಿದ, ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ತಬ್ರೇಜನ ಅಂಗಡಿಯ ಮುಂದೆ ಹಾಯುವಾಗ ಒಳಗಿನಿಂದ ತಬ್ರೇಜ "ಏನೋ ಹೀರೋ, ಎತ್ತಾಗ?" ಎಂದ. ಕಾಂತು ಕೈ ಎತ್ತಿ ಮುಂದೆ ನಡೆದ.

ಬಾಗೇವಾಡಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅವ್ವ ಚೀಲವನ್ನು ಮಗ್ಗುಲ ಸೀಟಿನ ಮೇಲೆ ಇಟ್ಟಳು. ಕಾಂತು ಕಂಬ ಹಿಡಿದು ನಿಂತ. ಕಂಡಕ್ಟರ್ ಬಂದ. ಅವ್ವ ಆಧಾರ್ ತೋರಿಸಿದಳು, ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ ಹರಿದುಕೊಟ್ಟ.

"ಈ ಹುಡುಗ ನಿಮ್ಮಾಂವ ಏನ್ರಿ ಯವ್ವಾ?"

"ನಮ್ಮಾಂವರಿ. ಅವಂಗ ಅರ್ಧಾ ಟಿಕೇಟ ಕೊಡ್ರಿ."

ಕಂಡಕ್ಟರ್ ಕಾಂತುವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅರ್ಧಾ? ಮೀಸಿ ಬಂದಾವಲ್ರಿ ಇವಂಗ!"

"ಮೀಸಿ ಅಷ್ಟ ಬಂದಾವ್ರಿ. ಉಳದ ಅರ್ಧ ಇನ್ನಾ ಬರೂದೈತಿ."

ಹಿಂದಿನ ಸೀಟಿನವರು ಗೊಳ್ಳೆಂದು ನಕ್ಕರು. ಕಂಡಕ್ಟರನೂ ನಕ್ಕ. ಕಾಂತು ಪೂರ್ತಿ ಟಿಕೆಟಿನ ರೊಕ್ಕ ಕೊಟ್ಟ. ಆ ನಗು ಅವ್ವನ ಮುಖಕ್ಕೂ ಬಂದಿದೆಯೇನೋ ಎಂದು ಬಗ್ಗಿ ನೋಡಿದ. ಅವಳು ಹೊರಗೆ ತೊಗರಿ ಹೊಲ ನೋಡುತ್ತಿದ್ದಳು. ಚೀಲವನ್ನು ಸೀಟಿನಿಂದ ಎತ್ತಲಿಲ್ಲ. ಎತ್ತು ಎಂದು ಅವನು ಕೇಳಲಿಲ್ಲ.